ಪಾರಿವಾಳ ಕೂರದ ಯಂತ್ರ

ಪಾರಿವಾಳಗಳು ಶೆಡ್ಡಿನ ತುಂಬ ಹಿಕ್ಕೆ ಹಾಕಿದ್ದವು, ಒಂದೇ ಒಂದು ಯಂತ್ರವನ್ನು ಬಿಟ್ಟು.

ಮೀಟರಕ್ಕ ಅದರ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಅಕ್ಕಪಕ್ಕದ ಹದಿನೇಳು ಯಂತ್ರಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದವು. ತೊಲೆ, ಕಿಟಕಿ, 'ಎಚ್ಚರಿಕೆಯಿಂದ ಕೆಲಸ ಮಾಡಿ' ಎಂಬ ಹಳೆಯ ಫಲಕ, ಯಾವುದನ್ನೂ ಹಕ್ಕಿಗಳು ಬಿಟ್ಟಿರಲಿಲ್ಲ. ತಗಡಿನ ಅಡ್ಡಗೋಡೆಯ ಹಿಂದಿದ್ದ ಈ ಹದಿನೆಂಟನೆಯದು ಮಾತ್ರ ಆಗಷ್ಟೇ ಮೈ ತೊಳೆದು ಬಂದಂತೆ ಹೊಳೆಯುತ್ತಿತ್ತು.

ಏಳು ದಿನಗಳಿಂದ ದಿನಾ ಸಂಜೆ ನಾಲ್ಕು ಹತ್ತಕ್ಕೆ ಸರಿಯಾಗಿ, ಹನ್ನೆರಡು ನಿಮಿಷ, ಈ ಮುಚ್ಚಿದ ಹಗ್ಗದ ಕಾರ್ಖಾನೆಯ ನೆಲ ನಡುಗುತ್ತಿತ್ತು; ಇವತ್ತಿನ ನಾಲ್ಕು ಹತ್ತರೊಳಗೆ ಯಾಕೆಂದು ಪತ್ತೆಹಚ್ಚಲು ಅವಳಿಗೆ ಉಳಿದದ್ದು ಐವತ್ತು ನಿಮಿಷ.

"ಅದು ಗುಜರಿ ಅಕ್ಕ," ಎಂದಳು ಪುರಸಭೆಯ ಅಧ್ಯಕ್ಷೆ, ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತ. "ಎಲ್ಲಾನೂ ತೂಕಕ್ಕೆ ಹಾಕೋದು ಅಂತ ಪಟ್ಟೀಲಿ ಬರ್ದಿದೀವಿ. ಕರೆಂಟು ಕಿತ್ತು ಹನ್ನೊಂದು ವರ್ಷ ಆಯ್ತು. ಅದನ್ನ ನೋಡ್ತಾ ನಿಂತ್ರೆ ಟೈಮ್ ಹಾಳು. ನಾನು ಹೇಳ್ತಿರೋದು ಬಸ್ಸಿನ ಯಜಮಾನನ್ನ ಹಿಡೀರಿ ಅಂತ."

"ಹಿಡಿದು?"

"ಬಾಯಿ ಬಿಡಿಸಿ! ಇಲ್ಲೇ ಕೆಲಸ ಸಿಕ್ರೆ ಅವನ ಬೆಳಗ್ಗೆ ಆರರ ಬಸ್ಸಿಗೆ ಯಾರು ಹತ್ತುತಾರೆ? ನೊಣ ಹತ್ತುತ್ತೆ."

ಅಧ್ಯಕ್ಷೆಯ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಊರಿನ ಅರ್ಧ ಜನ ಆ ಬಸ್ಸಿನಲ್ಲೇ ಎರಡು ಗಂಟೆ ದೂರದ ದೊಡ್ಡ ಊರಿಗೆ ದುಡಿಯಲು ಹೋಗುತ್ತಿದ್ದರು. ಮೀಟರಕ್ಕನ ಮಗಳೂ ಹೋಗುತ್ತಿದ್ದಳು, ಪೆಟ್ಟಿಗೆಗಳಿಗೆ ಅಂಟುಪಟ್ಟಿ ಸುತ್ತುವ ಕೆಲಸಕ್ಕೆ. ಹೊರಡುವಾಗ ಮಗು ಮಲಗಿರುತ್ತಿತ್ತು, ಬರುವಾಗಲೂ ಮಲಗಿರುತ್ತಿತ್ತು. ನಾಲ್ಕು ವರ್ಷದ ಆ ಮೊಮ್ಮಗಳು ಅಜ್ಜಿಯನ್ನು ಅಮ್ಮ ಎನ್ನುತ್ತಿದ್ದಳು, ಅಮ್ಮನನ್ನು ಬಸ್ಸಮ್ಮ ಎನ್ನುತ್ತಿದ್ದಳು. ಮನೆಮಂದಿಯೆಲ್ಲ ನಕ್ಕಿದ್ದರು. ಮಗಳು ನಕ್ಕಿದ್ದು ಕೊನೆಗೆ, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ ಮೇಲೆ.

ಸಮುದ್ರದಾಚೆಯ ಲೆನ್ಸ್ ಕಂಪನಿಯೊಂದು ಈ ಶೆಡ್ಡನ್ನು ಮೆಚ್ಚಿಕೊಂಡಿತ್ತು. ಆರುನೂರು ಕೆಲಸ. ಅದಕ್ಕಾಗಿ ಅಧ್ಯಕ್ಷೆ ನಾಲ್ಕು ವರ್ಷ ಕಂಡ ಕಂಡ ಬಾಗಿಲು ತಟ್ಟಿದ್ದಳು. ಕಂಪನಿಯವರು ಕೇಳಿದ್ದು ಒಂದೇ: ಅಲುಗದ ನೆಲ. ಸೂಕ್ಷ್ಮದರ್ಶಕದ ಲೆನ್ಸ್ ಅರೆಯುವಾಗ ನೆಲ ಕೂದಲೆಳೆಯಷ್ಟು ನಡುಗಿದರೂ ಗಾಜು ಕೆಡುತ್ತದೆ.

ಆ ನೆಲವನ್ನು ಅಳೆಯಲು ಬಂದವನು ಶೆಡ್ಡಿನ ನಡುವೆ ಮಂಡಿಯೂರಿ ಕೂತಿದ್ದ. ಅವನ ಮುಂದೆ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಅದು ನಡುಕವನ್ನು ಗೆರೆಯಾಗಿ ಬರೆಯುತ್ತಿತ್ತು; ಅದಕ್ಕೇ ಊರವರು ಅವನನ್ನು ಗೆರೆ ಇಂಜಿನಿಯರ್ ಎನ್ನುತ್ತಿದ್ದರು. ಬರುವ ಮೊದಲು ಆರು ತಿಂಗಳು ಪುಸ್ತಕ ಓದಿ ಇಲ್ಲಿಯ ಮಾತು ಕಲಿತಿದ್ದ. ಹಾಗಾಗಿ ಪುಸ್ತಕದಂತೆಯೇ ಮಾತಾಡುತ್ತಿದ್ದ.

"ತಾವು ಪಟ್ಟ ಶ್ರಮಕ್ಕೆ ನಾನು ಕೃತಜ್ಞನಾಗಿದ್ದೇನೆ," ಎಂದ ಎದ್ದು ನಿಂತು. "ಆದರೆ ಗೆರೆಯು ಸುಳ್ಳು ಹೇಳುವುದಿಲ್ಲ. ನಾನು ಒಂದು ದಿನವನ್ನು ಹೆಚ್ಚಾಗಿ ಬೇಡಿ ಪಡೆದೆ. ಅದು ಇಂದು. ಇಂದೂ ನಡುಗಿದರೆ, ಐದು ಗಂಟೆಗೆ ನಾನು 'ಇಲ್ಲ' ಎಂದು ಬರೆಯಬೇಕಾಗುತ್ತದೆ."

"ಬೇಡಿ ಪಡೆದ್ರಾ? ನಿಮಗೇನು ಅಷ್ಟು ಆಸೆ?" ಎಂದಳು ಮೀಟರಕ್ಕ.

ಅವನು ಕನ್ನಡಕ ಒರೆಸಿಕೊಂಡ. "ನನ್ನ ಊರು ಕೂಡ ಇಷ್ಟೇ ದೊಡ್ಡದು. ನಮ್ಮ ಕಾರ್ಖಾನೆ ಮುಚ್ಚಿತ್ತು. ಬೇರೆ ದೇಶದವರು ಬಂದರು, ತೆರೆದರು. ನನ್ನ ತಾಯಿ ಸಂಜೆಯ ಊಟಕ್ಕೆ ಮನೆಯಲ್ಲಿ ಇರತೊಡಗಿದರು. ಆ ಊಟಗಳನ್ನು ನಾನು ಮರೆತಿಲ್ಲ. ಯಾರಿಗಾದರೂ ಹಿಂದಿರುಗಿಸಬೇಕಲ್ಲವೇ?"

ಮೀಟರಕ್ಕ ಯಂತ್ರದ ಕಡೆ ತಿರುಗಿದಳು.

ವಿದ್ಯುತ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕರೆಂಟು ಕಳ್ಳರನ್ನು ಹಿಡಿದವಳು ಅವಳು. ಗೋಡೆಗೆ ಕಿವಿ ಕೊಟ್ಟು ಒಳಗೆ ಎಷ್ಟು ಫ್ಯಾನು ತಿರುಗುತ್ತಿವೆ ಎಂದು ಹೇಳಬಲ್ಲವಳು ಎಂಬ ಹೆಸರಿತ್ತು. ನಿವೃತ್ತಿಯಾಗಿ ಹುಟ್ಟೂರಿಗೆ ಬಂದು, ಕಾರ್ಖಾನೆಯಿಂದ ದೂರ ಬಸ್ಸು ನಿಲ್ದಾಣದ ಹಿಂದೆ ಮನೆ ಮಾಡಿ ಒಂದು ವರ್ಷ. ಊರವರು ಈಗ ಕಳೆದ ಕೊಡದಿಂದ ಹಿಡಿದು ಓಡಿಹೋದ ಅಳಿಯನವರೆಗೆ ಎಲ್ಲದಕ್ಕೂ ಅವಳನ್ನೇ ಕರೆಯುತ್ತಿದ್ದರು.

ಬಗ್ಗಿ ನೋಡಿದಳು. ಗಾಲಿಯ ಅಂಚು, ಬೆಲ್ಟು ಉಜ್ಜುವ ಜಾಗದಲ್ಲಿ, ಕನ್ನಡಿಯಂತೆ ಮಿಂಚುತ್ತಿತ್ತು. ಬೆರಳಿಟ್ಟಳು. ಎಣ್ಣೆ. ಮೂಸಿದಳು. ಹೊಸ ಎಣ್ಣೆ. ಗೋಡೆಯ ಪಕ್ಕದಲ್ಲಿ ಗೋಣಿ ಹೊದ್ದುಕೊಂಡು ಒಂದು ಡೀಸೆಲ್ ಇಂಜಿನ್ ಕೂತಿತ್ತು, ಒಳ್ಳೇ ಮುದುಕನ ಹಾಗೆ. ಅದರಾಚೆ ಹಿಂಬಾಗಿಲು.

"ದಿನಾ ಓಡೋ ಯಂತ್ರದ ಮೇಲೆ ಪಾರಿವಾಳ ಕೂರಲ್ಲ, ಅಧ್ಯಕ್ಷರೇ," ಎಂದಳು. "ಇದಕ್ಕೆ ಮೀಟರೇ ಬೇಕಾಗಿಲ್ಲ."

ಅಧ್ಯಕ್ಷೆಯ ಫೈಲು ಗಾಳಿಯಲ್ಲೇ ನಿಂತಿತು.

"ಇಂಜಿನಿಯರ್ ಸಾಹೇಬ್ರನ್ನ ಕರ್ಕೊಂಡು ಆಫೀಸಿಗೆ ಹೋಗಿ. ದಿನಾ ಮಾಡೋ ಹಾಗೆ ಶೆಡ್ಡು ಬೀಗ ಹಾಕಿಸಿ. ನಾನು ಇಲ್ಲೇ ಇರ್ತೀನಿ."

"ತಾವು ನಡೆದಾಡಿದರೆ ಪೆಟ್ಟಿಗೆಗೆ ತಿಳಿಯುತ್ತದೆ," ಎಂದ ಇಂಜಿನಿಯರ್, ಸಂಕೋಚದಿಂದ.

"ನಾಲ್ಕು ಗಂಟೆ ಆದ್ಮೇಲೆ ಉಸಿರು ಕೂಡ ಕೇಳಿ ಬಿಡ್ತೀನಿ ಸಾಹೇಬ್ರೇ."

* * *

ಬಾಗಿಲು ಹಾಕುವ ಮೊದಲು ಒಂದು ಕೆಲಸ ಬಾಕಿಯಿತ್ತು. ಮೂರು ದಿನ ಅವಳು ಸುತ್ತಲಿನ ಮೂವತ್ತು ಮನೆ ತಿರುಗಿ "ನಾಲ್ಕು ಗಂಟೆ ಹೊತ್ತಿಗೆ ಏನಾದ್ರೂ ಹೊಸ ಸದ್ದು ಕೇಳಿಸ್ತಾ?" ಎಂದು ಕೇಳಿದ್ದಳು. ಮೂವತ್ತೂ ಮನೆಯವರು ಇಲ್ಲ ಎಂದಿದ್ದರು. ಡೀಸೆಲ್ ಇಂಜಿನ್ ಹನ್ನೆರಡು ನಿಮಿಷ ಬಡಿದುಕೊಂಡರೆ ಕೇಳಿಸದೆ ಇರುವುದೇ? ಊರಿಗೆ ಊರೇ ಕಿವುಡೇ?

ಗೇಟಿನ ಪಕ್ಕದ ಚಿಕ್ಕ ಕೋಣೆಯಲ್ಲಿ, ಹಿಂದೆ ಕೆಲಸಗಾರರ ಹಾಜರಿ ಹಾಕುತ್ತಿದ್ದ ಜಾಗದಲ್ಲಿ, ಈಗ ಟೀ ಅಂಗಡಿ. ಅದನ್ನು ನಡೆಸುವವಳು ಊರಿಗೆಲ್ಲ ಟೀ ಚಿಕ್ಕಮ್ಮ. ಅವಳು ಒಲೆಯ ಮುಂದೆ ಮೊಣಕೈ ಊರಿಕೊಂಡು ಕೂತಿದ್ದಳು.

"ಒಂದು ಟೀ ಕೊಡಿ ಚಿಕ್ಕಮ್ಮ."

"ಈಗೆಲ್ಲಿ ಟೀ? ಇನ್ನೂ ಟೈಮ್ ಆಗಿಲ್ಲ."

"ಟೀಗೂ ಟೈಮಾ?"

"ಮತ್ತೇ? ದೊಡ್ಡಪ್ಪ ಶುರು ಮಾಡಿದ ಮೇಲೆ ಇಡೋದು. ಅವರು ನಿಲ್ಲಿಸೋ ಹೊತ್ತಿಗೆ ಕುದಿದಿರುತ್ತೆ. ಹನ್ನೊಂದು ವರ್ಷದಿಂದ ಹಾಗೇ."

ಮೀಟರಕ್ಕ ಬೆಂಚಿನ ಮೇಲೆ ಮೆಲ್ಲಗೆ ಕೂತಳು. "ಏನು ಶುರು ಮಾಡಿದ ಮೇಲೆ?"

"ಅದೇ. ಡುಗು ಡುಗು ಡುಗು."

"ಚಿಕ್ಕಮ್ಮ! ಮೊನ್ನೆ ನಾನು ಇದೇ ಬೆಂಚಲ್ಲಿ ಕೂತು, ನಾಲ್ಕು ಗಂಟೆಗೆ ಹೊಸ ಸದ್ದೇನಾದ್ರೂ ಕೇಳುತ್ತಾ ಅಂದ್ರೆ ಇಲ್ಲ ಅಂದ್ರಲ್ಲ!"

"ಹೊಸಾದು ಅಂದ್ಯಲ್ಲೇ ನೀನು? ಅದು ಹೊಸ ಸದ್ದಲ್ಲ. ಅದು ನಾಲ್ಕು ಗಂಟೆ."

ಮೀಟರಕ್ಕನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮೂವತ್ತು ಮನೆ, ಮೂರು ದಿನ, ಒಂದು ಜೊತೆ ಚಪ್ಪಲಿ. ಅಷ್ಟೂ ವ್ಯರ್ಥವಾಗಿದ್ದು ಅವಳೇ ಹಾಕಿದ್ದ ಒಂದು ಪ್ರಶ್ನೆಯಿಂದ. ಉಸಿರಾಟದ ಸದ್ದಿನ ಬಗ್ಗೆ ಯಾರಾದರೂ ದೂರು ಕೊಡುತ್ತಾರೆಯೇ?

"ಗಡಿಯಾರ ಇಟ್ಕೋಬಾರ್ದಾ ಚಿಕ್ಕಮ್ಮ?"

"ಯಾಕೆ? ಇದ್ದದ್ದು ಕೆಟ್ಟು ಆರು ವರ್ಷ ಆಯ್ತು. ದೊಡ್ಡಪ್ಪ ಕೆಡಲ್ಲ." ಚಿಕ್ಕಮ್ಮ ತನ್ನ ಮಾತಿಗೆ ತಾನೇ ನಕ್ಕಳು. "ಹೋದ ಭಾನುವಾರ ಒಂದಿನ ಮಾತ್ರ ಟೀ ತಡ ಆಯ್ತು ನೋಡು. ಗಿರಾಕಿಗಳು ಬಾಯಿಗೆ ಬಂದ ಹಾಗೆ ಬೈದ್ರು. ತಗೋ, ನಿನಗೋಸ್ಕರ ಈಗಲೇ ಇಡ್ತೀನಿ. ನಮ್ಮೂರಿಗೆ ಇಷ್ಟು ಓಡಾಡ್ತಿದೀಯ. ಆರುನೂರು ಜನಕ್ಕೆ ದಿನಾ ಟೀ ಮಾಡೋ ಭಾಗ್ಯ ಬಂದ್ರೆ, ಅದು ನಿನ್ನ ಋಣ."

ಒಲೆ ಬುಸ್ಸೆಂದಿತು. ಪಾತ್ರೆ ಹಾಡಲು ತೊಡಗಿತು. ಬರಣಿಗಳ ಹಿಂದೆಲ್ಲೋ ಟಿಕ್ ಟಿಕ್ ಎಂದು ಏನೋ ಸಣ್ಣಗೆ ಸದ್ದು ಮಾಡುತ್ತಿತ್ತು. ಮೀಟರಕ್ಕ ಟೀ ಕುಡಿದಳು. ಬಿಸಿ, ಕಡಕ್, ಮನೆಯವರು ಮಾಡಿಕೊಟ್ಟ ಹಾಗೆ. ಹೊರಡುವಾಗ ಚಿಕ್ಕಮ್ಮನ ಭುಜ ಮುಟ್ಟಿ "ನಿಮ್ಮಿಂದ ದೊಡ್ಡ ಉಪಕಾರ ಆಯ್ತು" ಎಂದಳು.

ಆ ಮಾತನ್ನು ಅವಳು ಮನಸ್ಸಿಟ್ಟೇ ಆಡಿದ್ದಳು.

* * *

ಫಿಟ್ಟರ್ ದೊಡ್ಡಪ್ಪ ಬಂದದ್ದು ಮೂರು ಮುಕ್ಕಾಲಿಗೆ, ಹಿಂಬಾಗಿಲಿನಿಂದ, ಸ್ವಂತ ಕೀಲಿ ಹಾಕಿಕೊಂಡು. ಕೈಯಲ್ಲಿ ಉದ್ದ ಮೂತಿಯ ಎಣ್ಣೆ ಕ್ಯಾನು, ಹೆಗಲ ಮೇಲೆ ಹಳೇ ಬಟ್ಟೆ. ಎಪ್ಪತ್ತೆಂಟು ವಯಸ್ಸು. ಅವಳನ್ನು ಕಂಡು ಗಾಬರಿಯಾಗಲಿಲ್ಲ. ಬದಲಿಗೆ ಮುಖ ಅರಳಿತು.

"ಓಹೋ, ಯಾರು? ನಮ್ಮ ಹುರಿ ಅಕ್ಕನ ಮಗಳು! ಬಾ ಬಾ. ನೋಡೋಕೆ ಬಂದ್ಯಾ?"

ಹುರಿ ಅಕ್ಕ ಎಂದರೆ ಮೀಟರಕ್ಕನ ತಾಯಿ. ಈ ಶೆಡ್ಡಿನಲ್ಲೇ ಇಪ್ಪತ್ತು ವರ್ಷ ಹುರಿ ಹೊಸೆದವಳು. ಒಂದು ಮಧ್ಯಾಹ್ನ ಅವಳ ಸೆರಗು ಇದೇ ಹದಿನೆಂಟನೆಯ ಯಂತ್ರಕ್ಕೆ ಸಿಕ್ಕಿತ್ತು, ಸೆರಗಿನ ಹಿಂದೆ ಬಲಗೈ. ಆಗ ಫಿಟ್ಟರ್ ಸ್ವಿಚ್ಚಿನ ಕಡೆ ಓಡಲಿಲ್ಲ. ಸ್ವಿಚ್ಚು ದೂರ ಇತ್ತು. ಓಡುತ್ತಿದ್ದ ಬೆಲ್ಟಿಗೇ ಕತ್ತಿ ಹಾಕಿದ. ಬೆಲ್ಟು ಹರಿಯಿತು, ಜೊತೆಗೆ ಅವನ ಎಡಗೈಯ ಎರಡು ಬೆರಳು.

ಅಮ್ಮ ಆ ಬಲಗೈಯಲ್ಲೇ ಮತ್ತೆ ಹದಿನೆಂಟು ವರ್ಷ ಮಗಳ ತಲೆ ಬಾಚಿದಳು. ಪ್ರತಿ ಸಲ ಜಡೆಯ ಕೊನೆ ಕಟ್ಟುವಾಗ "ಇದು ಫಿಟ್ಟರ್ ಕೊಟ್ಟ ಕೈ" ಎನ್ನುತ್ತಿದ್ದಳು.

ಈಗ ಆ ಮನುಷ್ಯನಿಗೆ ಯಂತ್ರ ನಿಲ್ಲಿಸಿ ಎಂದು ಅವಳು ಹೇಳಬೇಕಾಗಿತ್ತು.

"ದೊಡ್ಡಪ್ಪ, ಕೂತ್ಕೊಳಿ."

"ಮೊದಲು ಎಣ್ಣೆ ಬಿಡ್ತೀನಿ ತಡಿ. ನಾಲ್ಕು ಹತ್ತಕ್ಕೆ ಶುರು ಮಾಡಬೇಕು."

"ಯಾಕೆ ನಾಲ್ಕು ಹತ್ತಕ್ಕೆ?"

"ಎರಡನೇ ಪಾಳಿ ಶುರು ಆಗ್ತಿದ್ದದ್ದು ಆಗ ಅಲ್ವಾ? ನಾಲ್ಕಕ್ಕೆ ಸೈರನ್ನು, ನಾಲ್ಕು ಹತ್ತಕ್ಕೆ ಯಂತ್ರ." ಎಣ್ಣೆ ಕ್ಯಾನಿನ ಮೂತಿ ಒಂದೊಂದೇ ತೂತಿಗೆ ಇಳಿಯಿತು, ಮಗುವಿಗೆ ಔಷಧಿ ಕುಡಿಸುವಷ್ಟು ನಾಜೂಕಾಗಿ. "ಹನ್ನೆರಡು ನಿಮಿಷ ಸಾಕು. ಮೈ ಬಿಸಿ ಆಗುತ್ತೆ, ತುಕ್ಕು ಹಿಡಿಯಲ್ಲ. ಹದಿನೆಂಟನ್ನೂ ನೋಡ್ಕೊಳ್ಳೋಕೆ ನನ್ನ ಕೈಲಾಗ್ಲಿಲ್ಲ. ಒಂದನ್ನಾದ್ರೂ ಉಳಿಸ್ದೆ."

"ಯಾರಿಗೋಸ್ಕರ?"

ದೊಡ್ಡಪ್ಪ ಅವಳನ್ನು ದಡ್ಡಿಯನ್ನು ನೋಡುವಂತೆ ನೋಡಿದ. "ಬರೋರಿಗೋಸ್ಕರ ಕಣೇ! ಯಾವತ್ತಾದ್ರೂ ಯಾರಾದ್ರೂ ಬರ್ತಾರೆ ಅಂತ ನಂಗೆ ಗೊತ್ತಿತ್ತು. ಬಂದವರ ಮುಂದೆ ಊರಿಗೆ ಊರೇ ತುಕ್ಕು ಹಿಡಿದು ಕೂತಿದ್ರೆ ಏನು ಚೆಂದ? ಇಲ್ಲಿನೋರಿಗೆ ಯಂತ್ರ ನೋಡ್ಕೊಳ್ಳೋಕೆ ಬರುತ್ತೆ ಅಂತ ಗೊತ್ತಾಗ್ಲಿ. ಈ ಕಾರ್ಖಾನೆ ನನ್ನ ಮೂರು ಮಕ್ಕಳನ್ನ ಓದಿಸ್ತು, ನನ್ನ ಹೆಂಡ್ತಿ ಕಾಯಿಲೇಲಿ ಕೈ ಬಿಡ್ಲಿಲ್ಲ. ನಾನು ಅದಕ್ಕೆ ದಿನಕ್ಕೆ ಹನ್ನೆರಡು ನಿಮಿಷ ಕೊಡಬಾರ್ದಾ?"

ಮೀಟರಕ್ಕನ ಕಣ್ಣು ತುಂಬಿತು. ಕಳ್ಳರನ್ನು ಹಿಡಿಯುವುದು ಎಷ್ಟು ಸುಲಭವಾಗಿತ್ತು! ಅವರು ಮುಖ ತಿರುಗಿಸುತ್ತಿದ್ದರು, ಬೈಯುತ್ತಿದ್ದರು, ನಾಯಿ ಬಿಡುತ್ತಿದ್ದರು. ಎಣ್ಣೆ ಕ್ಯಾನು ಹಿಡಿದು ನಗುವವನನ್ನು ಹೇಗೆ ಹಿಡಿಯುವುದು?

"ದೊಡ್ಡಪ್ಪ, ಇವತ್ತು ಓಡಿಸಬೇಡಿ."

"ಯಾಕೆ?"

ಹೇಳಿದಳು. ಶೆಡ್ಡಿನ ನಡುವಿನ ಪೆಟ್ಟಿಗೆ, ನಾಲ್ಕು ಹತ್ತಕ್ಕೆ ನೆಗೆಯುವ ಗೆರೆ, ಐದು ಗಂಟೆಯ ವರದಿ. ಒಂದೊಂದು ಮಾತಿಗೂ ಅವನ ಮುಖದ ಒಂದೊಂದು ದೀಪ ಆರಿದ ಹಾಗಾಯಿತು. ಕೊನೆಗೆ ಎಣ್ಣೆ ಕ್ಯಾನನ್ನು ನೆಲದ ಮೇಲಿಟ್ಟು ಅಲ್ಲೇ ಕೂತುಬಿಟ್ಟ.

"ಅಂದ್ರೆ... ಬರೋರನ್ನ ಓಡಿಸ್ತಿರೋನು ನಾನೇನಾ?"

"ಹಾಗನ್ಬೇಡಿ."

"ಮತ್ತೆ ಹೇಗನ್ಲಿ?" ದನಿ ಏರಿತು. "ಹನ್ನೊಂದು ವರ್ಷ ಕಣೇ! ಜ್ವರ ಬಂದಾಗ್ಲೂ ಬಂದಿದೀನಿ. ಮೊಮ್ಮಗನ ಮದುವೆ ದಿನಾನೂ ಬಂದು ಓಡಿಸಿ ಹೋಗಿದೀನಿ. ನಾನು ನನ್ನ ಊರಿಗೆ..."

ಅವಳು ಅವನ ಪಕ್ಕದಲ್ಲಿ ಕೂತು ಎರಡು ಬೆರಳಿಲ್ಲದ ಆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. "ನಿಮಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಇವತ್ತು ಒಂದು ದಿನ ಸುಮ್ನಿದ್ರೆ ಎಲ್ಲ ಸರಿಹೋಗುತ್ತೆ. ಇಂಜಿನಿಯರ್ ಒಳ್ಳೆಯವನು. ನಾನು ಎಲ್ಲ ವಿವರಿಸ್ತೀನಿ. ನನ್ನ ಮಗಳು ಮನೇಲಿ ಊಟ ಮಾಡ್ತಾಳೆ ದೊಡ್ಡಪ್ಪ, ಮಗು ಎದ್ದಿರೋವಾಗ."

ಅವನು ತಲೆ ಎತ್ತಿದ. ಮುಖದಲ್ಲಿ ದುಃಖ ಇರಲಿಲ್ಲ. ಅಲ್ಲಿದ್ದದ್ದು ಅವಮಾನವಾದ ಕೆಲಸಗಾರನ ಸಿಟ್ಟು.

"ಆದ್ರೆ ನನ್ನ ಯಂತ್ರ ನಡುಗಲ್ಲ."

"ದೊಡ್ಡಪ್ಪ..."

"ನಡುಗಲ್ಲ ಅಂದ್ನಲ್ಲ! ಬಗ್ಗಿ ನೋಡು, ಕೆಳಗೆ ಏನಿದೆ?"

ಅವಳು ಬಗ್ಗಿದಳು. ಯಂತ್ರದ ಪಾದಗಳು ಕಲ್ಲಿನ ಮೇಲೆ ನಿಂತಿರಲಿಲ್ಲ. ತೋಳುಗಾತ್ರದ ಹಗ್ಗವನ್ನು ಸುರುಳಿ ಸುತ್ತಿ, ನಾಲ್ಕು ಪದರ ಹಾಸಿ, ಅದರ ಮೇಲೆ ಇಟ್ಟಿದ್ದರು. ಇಂಜಿನ್ನಿನ ಕೆಳಗೂ ಹಾಗೆಯೇ.

"ಹೆಂಗಸರಿಗೆ ಕಾಲು ನೋಯುತ್ತೆ ಅಂತ ನಾನೇ ಹಾಸಿದ್ದು. ಹಗ್ಗದ ಕಾರ್ಖಾನೇಲಿ ಹಗ್ಗಕ್ಕೇನು ಬರ? ಯಂತ್ರ ಓಡ್ತಿರೋವಾಗ ಪಕ್ಕದಲ್ಲಿ ತುಂಬಿದ ಲೋಟ ನೀರು ಇಟ್ಟು ತೋರಿಸ್ತಿದ್ದೆ, ಒಂದು ಹನಿ ಚೆಲ್ಲುತ್ತಿರಲಿಲ್ಲ. ಏನು ಗೆರೆ ಅದು? ಹೇಗಿದೆ? ನಂಗೆ ಹೇಳು."

ಇಂಜಿನಿಯರ್ ಕೊಟ್ಟಿದ್ದ ಹಾಳೆ ಅವಳ ಚೀಲದಲ್ಲೇ ಇತ್ತು. ಬಿಡಿಸಿದಳು. ಏಳು ಸಾಲು, ಏಳು ದಿನ. ಪ್ರತಿ ಸಾಲಿನಲ್ಲೂ ನಾಲ್ಕು ಹತ್ತರ ಜಾಗದಲ್ಲಿ ಮುಳ್ಳು ಮುಳ್ಳಾದ ಪೊದೆ. ಒಂದು ಗೊಂಚಲು, ಸ್ವಲ್ಪ ಬಿಡುವು, ಮತ್ತೊಂದು ಗೊಂಚಲು.

ದೊಡ್ಡಪ್ಪ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದ. "ಇದೇನು, ನಿಂತು ನಿಂತು ಬಂದಿದೆ? ಯಂತ್ರ ಒಂದೇ ಸಮ ಓಡುತ್ತೆ."

"ಬೆಲ್ಟು ಜಾರುತ್ತೇನೋ ಅಂದ್ಕೊಂಡೆ."

"ನನ್ನ ಬೆಲ್ಟಾ? ಜಾರೋದಾ?" ಬೈಯಲು ಬಾಯಿ ತೆರೆದವನು ಬೆರಳನ್ನು ಒಂದು ಸಾಲಿನ ಮೇಲೆ ಇಟ್ಟ. "ಇದು ಯಾವ ದಿನ?"

"ಭಾನುವಾರ."

"ಭಾನುವಾರ ನಾನು ಊರಲ್ಲೇ ಇರಲಿಲ್ಲ."

ಶೆಡ್ಡಿನ ತುದಿಯಲ್ಲಿ ಒಂದು ಪಾರಿವಾಳ ರೆಕ್ಕೆ ಬಡಿಯಿತು.

"ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಹನ್ನೊಂದು ವರ್ಷದಲ್ಲಿ ತಪ್ಪಿದ್ದು ಅದೊಂದೇ ದಿನ. ಬಸ್ಸಿನ ಯಜಮಾನ ತನ್ನ ಕಾರಲ್ಲೇ ಕರ್ಕೊಂಡು ಹೋದ, ಸಂಜೇವರೆಗೂ ನನ್ನ ಪಕ್ಕದಲ್ಲೇ ಕೂತಿದ್ದ. ಪುಣ್ಯಾತ್ಮ. ಅವನಪ್ಪ ಈ ಕಾರ್ಖಾನೆ ಲಾರಿ ಓಡಿಸಿ ಮೇಲೆ ಬಂದೋನು, ಅದನ್ನ ಮರ್ತಿಲ್ಲ."

ಮೀಟರಕ್ಕನ ತಲೆಯೊಳಗೆ ಒಂದೊಂದೇ ಫ್ಯೂಸು ಕೂರತೊಡಗಿತು. ಭಾನುವಾರ ಯಂತ್ರ ಓಡಲಿಲ್ಲ. ಸದ್ದು ಬರಲಿಲ್ಲ. ಅದಕ್ಕೇ ಟೀ ತಡವಾಯಿತು. ಆದರೆ ನೆಲ ನಡುಗಿತು. ಅದೇ ಹೊತ್ತಿಗೆ, ಅಷ್ಟೇ ಜೋರಾಗಿ.

ಬಸ್ಸಿನ ಯಜಮಾನ ಅಲ್ಲ. ಭಾನುವಾರ ಯಂತ್ರ ನಿಂತಿರುತ್ತದೆ ಎಂದು ಅವನಿಗೆ ಗೊತ್ತಿತ್ತು; ಅವನಾಗಿದ್ದರೆ ಆ ದಿನ ಸುಮ್ಮನಿರುತ್ತಿದ್ದ. ಯಾರೋ ದಿನಾ ದೊಡ್ಡಪ್ಪನ ಸದ್ದಿನ ಮರೆಯಲ್ಲಿ ಏನೋ ಮಾಡುತ್ತಿದ್ದರು. ಭಾನುವಾರ ಸದ್ದು ಇಲ್ಲ ಎಂದು ತಿಳಿಯದೆ ಶುರು ಮಾಡಿದ್ದರು.

ಊರವರು ಸದ್ದು ಕೇಳಿ ಹೊತ್ತು ತಿಳಿಯುತ್ತಿದ್ದರು. ಇವರು ಸದ್ದಿಗೆ ಕಾದಿರಲಿಲ್ಲ. ಗಡಿಯಾರ ನೋಡಿ ಶುರು ಮಾಡಿದ್ದರು.

"ಟೈಮ್ ಎಷ್ಟು?" ಎಂದ ದೊಡ್ಡಪ್ಪ.

"ನಾಲ್ಕು ಎಂಟು."

ಅವನು ಇಂಜಿನ್ನಿನ ಪಕ್ಕ ಇಟ್ಟುಕೊಂಡಿದ್ದ ತನ್ನ ಬಾಟಲಿಯಿಂದ ಸ್ಟೀಲ್ ಲೋಟಕ್ಕೆ ಅಂಚಿನವರೆಗೆ ನೀರು ಬಗ್ಗಿಸಿ, ಬರಿ ಕಲ್ಲಿನ ನೆಲದ ಮೇಲೆ ಇಟ್ಟ. ಇಬ್ಬರೂ ಹಗ್ಗದ ಸುರುಳಿಯ ಮೇಲೆ ಕಾಲೆತ್ತಿ ಕೂತರು, ಮಳೆಗೆ ಕಟ್ಟೆ ಹತ್ತಿದ ಕೋಳಿಗಳಂತೆ.

"ಮಗಳೇ," ಎಂದ ಪಿಸುದನಿಯಲ್ಲಿ. "ನೀನು ಇವತ್ತು ಬಂದು ನನ್ನ ತಡೀದೆ ಇದ್ದಿದ್ರೆ, ಸಾಯೋವರೆಗೂ ನನ್ನ ಯಂತ್ರದ ಮೇಲೆ ಈ ಕಳಂಕ ಇರ್ತಿತ್ತು. ನಂಗೂ ಗೊತ್ತಾಗ್ತಿರಲಿಲ್ಲ."

"ನಮ್ಮಮ್ಮನ ಕೈ ನಂಗೆ ಹದಿನೆಂಟು ವರ್ಷ ಜಡೆ ಹಾಕಿದೆ ದೊಡ್ಡಪ್ಪ. ಅದಕ್ಕಿಂತ ಇದು ಹೆಚ್ಚಲ್ಲ."

ನಾಲ್ಕು ಹತ್ತು.

ನೀರು ಗಾಜಿನ ಹಾಗೆ ನಿಂತಿತ್ತು. ಹತ್ತು ಸೆಕೆಂಡು. ಇಪ್ಪತ್ತು. ಆಗಬಾರದು, ಇವತ್ತೊಂದು ದಿನ ಆಗಬಾರದು ಎಂದು ಅವಳು ಮನಸ್ಸಿನಲ್ಲೇ ಯಾರನ್ನೋ ಬೇಡಿಕೊಂಡಳು. ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗುವ ಮಗಳ ಮುಖ ಕಣ್ಣ ಮುಂದೆ ಬಂತು. ಮೂವತ್ತು.

ಲೋಟದ ನಡುವೆ ಒಂದು ಉಂಗುರ ಮೂಡಿತು.

ಅದರ ಹಿಂದೆ ಇನ್ನೊಂದು. ಅಂಚಿನಿಂದ ಒಂದು ಹನಿ ಹೊರಬಿದ್ದು ಕಲ್ಲಿನ ಮೇಲೆ ಕಪ್ಪಗೆ ಹರಡಿತು. ಶೆಡ್ಡಿನ ನಡುವೆ ಆ ಪುಟ್ಟ ಪೆಟ್ಟಿಗೆ ಎಲ್ಲವನ್ನೂ ಬರೆದುಕೊಳ್ಳುತ್ತಿತ್ತು.

ದೊಡ್ಡಪ್ಪ ಬಾಗಿ, ಮೂರು ಬೆರಳಿನ ಕೈಯನ್ನು ನೆಲಕ್ಕೆ ಊರಿ ಕಣ್ಣು ಮುಚ್ಚಿದ. ವೈದ್ಯ ನಾಡಿ ನೋಡುವ ಹಾಗೆ. ಎಣಿಸಿದ. ಬಿಡುವು ಬಂದಾಗ ನಿಂತ. ಮತ್ತೆ ಎಣಿಸಿದ.

"ಇದು ಇಂಜಿನ್ ಅಲ್ಲ," ಎಂದ. "ಸುಸ್ತಾಗಿ ನಿಲ್ಲುತ್ತೆ, ಮತ್ತೆ ಶುರುವಾಗುತ್ತೆ. ಮನುಷ್ಯರು. ಹಾರೆ ಹಿಡಿದಿದಾರೆ. ನಮ್ಮ ಕಾಲ ಕೆಳಗೆ."

"ಕೆಳಗೆ ಹೇಗೆ? ನೆಲಮಾಳಿಗೆ ಇಲ್ಲ ಅಂತ ಅಧ್ಯಕ್ಷೆ ಕಂಪನಿಗೆ ಬರೆದುಕೊಟ್ಟಿದಾಳೆ."

"ಅವಳಿಗೇನು ಗೊತ್ತು, ನಿನ್ನೆ ಹುಟ್ಟಿದೋಳು. ನಾರು ತಂಪಾಗಿಡೋಕೆ ಉದ್ದಕ್ಕೂ ಇತ್ತು. ನೀನು ಹುಟ್ಟಿದ ವರ್ಷ ಮುಚ್ಚಿದ್ರು. ಇಳಿಯೋಕೆ ಒಂದೇ ಮೆಟ್ಟಿಲು, ಅದೂ ಶೆಡ್ಡಿನೊಳಗಿಂದ ಅಲ್ಲ."

"ಎಲ್ಲಿಂದ?"

"ಗೇಟಿನ ಪಕ್ಕ. ಹಾಜರಿ ಕೋಣೆಯಿಂದ."

ಅವಳ ನಾಲಿಗೆಯ ಮೇಲೆ ಇನ್ನೂ ಆ ಟೀಯ ರುಚಿ ಇತ್ತು. ಬಿಸಿ, ಕಡಕ್, ಮನೆಯವರು ಮಾಡಿಕೊಟ್ಟ ಹಾಗೆ. ಆರು ವರ್ಷದಿಂದ ಗಡಿಯಾರವೇ ಇಲ್ಲ ಎಂದವಳ ಅಂಗಡಿಯಲ್ಲಿ, ಬರಣಿಗಳ ಹಿಂದೆ, ಟಿಕ್ ಟಿಕ್ ಎಂದದ್ದು ಏನು?

ಕುತ್ತಿಗೆ ಮಾತ್ರ ಹೊರಳಿಸಿ ಒಡೆದ ಕಿಟಕಿಯಿಂದ ಗೇಟಿನ ಕಡೆ ನೋಡಿದಳು. ಹಾಡುಹಗಲು, ಟೀಯ ಹೊತ್ತು. ಬೆಂಚಿನ ಮೇಲೆ ಮೂವರು ಗಿರಾಕಿಗಳು ಕಾಯುತ್ತ ಕೂತಿದ್ದರು.

ಅಂಗಡಿಯ ಬಾಗಿಲಿಗೆ ಹೊರಗೆ ಬೀಗವಿರಲಿಲ್ಲ. ಅದು ಮುಚ್ಚಿತ್ತು, ಒಳಗಿನಿಂದ.